ಮೊಣಕಾಲಿಗೊಂದು ವಂದನಾರ್ಪಣೆ

ನನ್ನ ಸೋದರಮಾವನ ಎಡ ಮೊಣಕಾಲಿಗೆ ಸಿಕ್ಕಷ್ಟು ಮರ್ಯಾದೆ ಶಿರಸಿ ಪೇಟೆಯಲ್ಲಿ ಇನ್ನಾರಿಗೂ ಸಿಕ್ಕಿರಲಿಕ್ಕಿಲ್ಲ. ನಗಬೇಡಿ! ದಿನಾ ಬೆಳಿಗ್ಗೆ ಕೋಟೆಕೆರೆಯ ದಂಡೆಯ ಮೇಲೆ, ವಾಕಿಂಗ್ ಮುಗಿದ ತಕ್ಷಣ, ನಾಲ್ಕು ಜನರ ಎದುರು, ಗಂಟಲು ಸರಿಮಾಡಿಕೊಂಡು, ಕೈ ಮುಗಿದು ಅದಕ್ಕೆ ಧನ್ಯವಾದ ಹೇಳಲಾಗುತ್ತಿತ್ತು. ಯಾವ ಮಂತ್ರಿಯ ಮೊಣಕಾಲಿಗೆ ಈ ಭಾಗ್ಯ ಉಂಟು ಹೇಳಿ?

ಇದು ಅರ್ಥವಾಗಬೇಕಾದರೆ ಮಾವನ ಖ್ಯಾತಿ ನಿಮಗೆ ಗೊತ್ತಿರಬೇಕು. ವೃತ್ತಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದ ಮಾವ ಪ್ರಸಿದ್ಧನಾದದ್ದು ವಂದನಾರ್ಪಣೆಯಿಂದ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಯಾವ ಸಭೆಯ ಕರೆಯೋಲೆ ತೆಗೆದು ನೋಡಿದರೂ ಕಟ್ಟಕಡೆಯ ಹೆಸರು ಅವನದೇ. ಸ್ವಾಗತ ಭಾಷಣಕ್ಕೆ ಜನ ಪೈಪೋಟಿ ಮಾಡುತ್ತಾರೆ. ಆಗ ಸಭೆ ತುಂಬಿರುತ್ತದೆ, ಫೋಟೋ ತೆಗೆಯುತ್ತಾರೆ. ವಂದನಾರ್ಪಣೆಯ ಹೊತ್ತಿಗೆ ಅರ್ಧ ಜನ ಊಟದ ಪಂಕ್ತಿಯಲ್ಲಿ, ಇನ್ನರ್ಧ ಜನ ಚಪ್ಪಲಿ ಹುಡುಕುವುದರಲ್ಲಿ. ಮಾವನಿಗೆ ಅದರ ಪರಿವೆಯೇ ಇಲ್ಲ. ಮೈಕಿನವನಿಗೆ, ಶಾಮಿಯಾನದವನಿಗೆ, ಶಾಮಿಯಾನದ ಗೂಟ ಹುಗಿದವನಿಗೆ, ಆ ಗೂಟವನ್ನು ಕಿತ್ತುಹಾಕದ ದನಕರುಗಳಿಗೆ! ಒಮ್ಮೆ ಹುಲಗೋಳದ ಸನ್ಮಾನ ಸಮಾರಂಭದಲ್ಲಿ ಅಧ್ಯಕ್ಷರ ಭಾಷಣ ಮುಗಿಯುವ ಲಕ್ಷಣವೇ ಕಾಣದಿರುವಾಗ ಕರೆಂಟು ಹೋಯಿತು. ಮಾವ ಎದ್ದುನಿಂತು, "ಸಕಾಲದಲ್ಲಿ ನಿರ್ಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಿದ ವಿದ್ಯುಚ್ಛಕ್ತಿಗೆ ಅನಂತ ವಂದನೆಗಳು" ಎಂದುಬಿಟ್ಟ. ಅಧ್ಯಕ್ಷರು ಊಟ ಮಾಡದೇ ಹೋದರು. ಅವರಿಗೆ ಬೇಜಾರಾಯಿತೆಂಬುದು ಮಾವನಿಗೆ ಇವತ್ತಿಗೂ ಗೊತ್ತಿಲ್ಲ.

ಹೀಗಿದ್ದವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು. ಅದೇ ಸಮಯಕ್ಕೆ ಯಾರೋ ಪುಣ್ಯಾತ್ಮ ಮೊಬೈಲಿಗೆ ಒಂದು ಪ್ರವಚನ ಕಳಿಸಿದ. ನಾವು ಗಮನಿಸದೇ ಬಿಟ್ಟ ಸಣ್ಣಪುಟ್ಟ ಭಾಗ್ಯಗಳಿಗೆ ದಿನಾ ಕೃತಜ್ಞತೆ ಹೇಳಿದರೆ ಆರೋಗ್ಯ ಸುಧಾರಿಸುತ್ತದಂತೆ! ಬೇರೆಯವರಾದರೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹೇಳಿ ಮುಗಿಸುತ್ತಿದ್ದರು. ಮಾವನಿಗೆ ಮನಸ್ಸಿನಲ್ಲಿ ಹೇಳಿ ಅಭ್ಯಾಸವಿದ್ದರೆ ತಾನೇ?

"ಇಂದಿನ ಈ ನಡಿಗೆಗೆ ಆರಂಭದಿಂದ ಕೊನೆಯವರೆಗೂ ಉಪಸ್ಥಿತವಿದ್ದು ಸಹಕರಿಸಿದ ಎಡ ಮೊಣಕಾಲಿಗೆ, ತುಸು ತಡವಾಗಿಯಾದರೂ ಆಗಮಿಸಿದ ಬಲ ಮೊಣಕಾಲಿಗೆ, ತೆರೆಮರೆಯಲ್ಲಿ ದುಡಿದ ಶ್ವಾಸಕೋಶಗಳಿಗೆ..."

ಮೊದಲ ದಿನ ಜೊತೆಗಿದ್ದವರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಒಬ್ಬರು ಚಪ್ಪಾಳೆ ತಟ್ಟಿದರು. ಒಬ್ಬರು ಗಾಬರಿಯಿಂದ ಮಾವನ ಹಣೆ ಮುಟ್ಟಿ ನೋಡಿದರು. ಇನ್ನೊಬ್ಬರು ವಂದನಾರ್ಪಣೆ ಕಿವಿಗೆ ಬಿದ್ದದ್ದೇ ತಡ, ಕಾಲಲ್ಲಿ ಬೂಟಿದ್ದರೂ ಸುತ್ತಮುತ್ತ ಚಪ್ಪಲಿ ಹುಡುಕತೊಡಗಿದರು! ನಾನು ಏನು ಮಾಡಿದೆ ಎಂದಿರಾ? ಕೆರೆಯಲ್ಲಿ ಮೀನು ನೋಡುವವಳಂತೆ ಅತ್ತ ತಿರುಗಿ ನಿಂತೆ. ಅಳಿಯಂದಿರು, ಸೊಸೆಯಂದಿರು ಇಂಥ ಹೊತ್ತಿನಲ್ಲಿ ಬೇರೇನು ಮಾಡುತ್ತಾರೆ?

ಸ್ವಲ್ಪ ದಿನಕ್ಕೆ ಬಲ ಮೊಣಕಾಲು ಊದಿಕೊಂಡಿತು. ನಾವೆಲ್ಲ ವಾತ ಎಂದೆವು. ಮಾವನ ಪ್ರಕಾರ ಅದಕ್ಕೆ ಬೇಸರವಾಗಿತ್ತು.

"ತಂಗಿ, ಸಭೇಲಿ 'ತಡವಾಗಿ ಬಂದವು' ಹೇಳಿ ಯಾರನ್ನಾದ್ರೂ ಎತ್ತಿ ಆಡ್ತ್ವ? ಎನ್ನದೇ ತಪ್ಪು" ಎಂದು ನನ್ನೆದುರು ಒಪ್ಪಿಕೊಂಡ.

ಪರಿಹಾರಕ್ಕೆ ಅತ್ತೆಯ ಉಣ್ಣೆಯ ಶಾಲು ತಂದು ಮೊಣಕಾಲಿಗೆ ಹೊದಿಸಿ ಸನ್ಮಾನ ಮಾಡಿದ. ಬೆಚ್ಚಗಾಗಿದ್ದಕ್ಕೋ ಏನೋ ಊತ ಇಳಿಯಿತು! ಈಗ ನಾನು ಅವನನ್ನು ನಂಬಬೇಕೋ ಬಿಡಬೇಕೋ?

ಬಸ್ಸಿನ ಕತೆ ಕೇಳಿ. ನಿಲ್ಕುಂದಕ್ಕೆ ಹೋಗಿದ್ದೆವು. ಇಳಿಯುವ ಜಾಗದಲ್ಲಿ ಮಾವ ಬಾಗಿಲಿಗೆ ಅಡ್ಡ ನಿಂತು ಘಟ್ಟದ ತಿರುವಿಗೆ, ಬ್ರೇಕಿಗೆ, ವಾಂತಿ ಮಾಡಿಕೊಳ್ಳದ ಸಹಪ್ರಯಾಣಿಕರಿಗೆ ವಂದನೆ ಶುರುಮಾಡಿದ. ಕಂಡಕ್ಟರು ಹಾವೇರಿ ಕಡೆಯವರು. "ಯಜಮಾನ್ರ, ಮೊದ್ಲ ಇಳೀರಿ, ಆಮ್ಯಾಲೆ ಹೇಳೀರಂತ" ಎಂದರು. ಇಳಿದ ಮೇಲೆ ಮಾವ ಅವರ ಕೈಹಿಡಿದು "ನಿಮಗೆ ವಿಶೇಷ ಧನ್ಯವಾದ" ಎಂದ. ಕಂಡಕ್ಟರು ಅವನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಸಂಶಯ ಬಂದು, "ಎಲ್ಲಿ, ಟಿಕೇಟ್ ತೋರ್ಸ್ರಿ" ಎಂದರು.

ಇದೆಲ್ಲ ತಮಾಷೆ, ಬಿಡಿ. ನನಗೆ ನಿಜಕ್ಕೂ ತಲೆಕೆಟ್ಟದ್ದು ಬೇರೆ ವಿಷಯಕ್ಕೆ. ಜಗತ್ತಿನ ಗೂಟ, ಬ್ರೇಕುಗಳಿಗೆಲ್ಲ ಧನ್ಯವಾದ ಹೇಳುವ ಈ ಮನುಷ್ಯ ಅತ್ತೆಗೆ ಮಾತ್ರ ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅತ್ತೆಯ ಅಪ್ಪೆಹುಳಿಯನ್ನು ಸುರಿದು ಕುಡಿದ ಮಾವ ಮಾವಿನ ಮಿಡಿಗೆ, ಉಪ್ಪಿಗೆ, ಇಂಗಿನ ಒಗ್ಗರಣೆಗೆ, ತನ್ನ ನಾಲಿಗೆಗೆ ಕ್ರಮವಾಗಿ ವಂದಿಸಿ ಕೈತೊಳೆಯಲು ಹೊರಟ.

"ಮಾವಾ, ಮಾಡಿದವಳ ಹೆಸ್ರು ಬಿಟ್ಟುಹೋತು!" ಎಂದೆ.

ಮಾವ ಒಮ್ಮೆ ಅತ್ತೆಯನ್ನು ನೋಡಿದ, ಒಮ್ಮೆ ನನ್ನನ್ನು. ತೊಳೆಯಬೇಕಾದ ಕೈಯನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಹೋದ.

"ನಿಂಗೆ ಬೇಜಾರಾಗ್ತಿಲ್ಯ ಅತ್ತೆ?"

"ಅವು ಹೇಳಿದ್ರೆ ತಿರುಗಿ ಎಂತ ಹೇಳವು ಹೇಳಿ ಎಂಗೆ ಗೊತ್ತಿಲ್ಲೆ ಮಾರಾಯ್ತಿ. ಹೇಳದೇ ಇದ್ದಿದ್ದೇ ಅಡ್ಡಿಲ್ಲೆ."

ಅವನು ಹೇಳಿದರೆ ತಿರುಗಿ ಏನು ಹೇಳಬೇಕೆಂದು ಗೊತ್ತಿಲ್ಲವಂತೆ! ಗಂಡನೂ ಅರ್ಥವಾಗಲಿಲ್ಲ, ಹೆಂಡತಿಯೂ ಅರ್ಥವಾಗಲಿಲ್ಲ. ನಾನು ಮಜ್ಜಿಗೆ ಅನ್ನ ಉಂಡು ಎದ್ದೆ.

ಕಳೆದ ಬೇಸಿಗೆಯಲ್ಲಿ ಎಲ್ಲರೂ ಮಾಗೋಡು ಜಲಪಾತಕ್ಕೆ ಹೋದೆವು. ಮಾವ ಎಲ್ಲರಿಗಿಂತ ಮುಂದೆ ನಡೆದು, ಅಂಚಿನ ಕಂಬಿ ಹಿಡಿದು, ತನ್ನ ಶ್ವಾಸಕೋಶಗಳಿಗೆ ಭರ್ಜರಿ ವಂದನಾರ್ಪಣೆ ಆರಂಭಿಸಿದ. ಆಗಲೇ ನಾನು ಹಿಂತಿರುಗಿ ನೋಡಿದ್ದು. ಅತ್ತೆ ಬಹಳ ಹಿಂದೆ ದಾರಿಯ ಮೇಲೆಯೇ ಕೂತುಬಿಟ್ಟಿದ್ದಳು. ತುಟಿ ನೀಲಿಯಾಗಿತ್ತು. "ಎಂತ ಇಲ್ಲೆ, ಸೊಲ್ಪ ಉಬ್ಬಸ. ಮೊದ್ಲಿಂದನೂ ಇದ್ದು" ಎಂದಳು.

ಮೊದಲಿಂದಲೂ! ಮನೆಯಲ್ಲಿ ಒಬ್ಬ ದಿನಾ ತನ್ನ ಉಸಿರಿಗೆ ಕೈ ಮುಗಿಯುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬಳಿಗೆ ಉಸಿರೇ ಸಾಲುತ್ತಿರಲಿಲ್ಲ. ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆಯಬೇಕು, ತಡಮಾಡಿದರೆ ಕಷ್ಟ ಎಂದರು. ಆವತ್ತಿನಿಂದ ಮಾವ ಕೋಟೆಕೆರೆಗೆ ಹೋಗಲಿಲ್ಲ. ಮೊಣಕಾಲುಗಳಿಗೂ ವಂದನೆಯಿಲ್ಲ. ಅಡುಗೆಮನೆಯ ಹೊಸಿಲ ಮೇಲೆ ಕೂತು ಅತ್ತೆ ಬೆನ್ನು ಬಗ್ಗಿಸುವುದನ್ನು, ಎದ್ದು ನಿಲ್ಲುವುದನ್ನು ನೋಡುತ್ತಿದ್ದ. "ಹಾದೀಲಿ ಕೂತ್ಕಳಡಿ, ಕಾಲಿಗೆ ಸಿಕ್ತು" ಎಂದು ಅತ್ತೆಯೇ ಬೈಯಬೇಕಾಯಿತು.

ಆಪರೇಷನ್ ದಿನ ಬೆಳಿಗ್ಗೆ ಅತ್ತೆಯನ್ನು ಗಾಲಿಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಥಿಯೇಟರಿನ ಬಾಗಿಲ ಹತ್ತಿರ ಮಾವ ಅಡ್ಡ ನಿಂತ. ಗಂಟಲು ಸರಿಮಾಡಿಕೊಂಡ. ಕೈ ಮುಗಿದ.

"ಈ ಸಂದರ್ಭದಲ್ಲಿ... ಇಷ್ಟು ವರ್ಷ... ಎನ್ನ ಜೊತೆಗೆ..."

ಮಲಗಿದ್ದ ಅತ್ತೆ ತಲೆ ಎತ್ತಿದಳು.

"ಸುಮ್ನಿರಿ! ಈಗ್ಲೇ ಎಂತಕ್ಕೆ ವಂದನಾರ್ಪಣೆ? ಕಾರ್ಯಕ್ರಮ ಮುಗದ್ದಿಲ್ಲೆ!"

ನರ್ಸಮ್ಮ ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ. ಬಾಗಿಲು ಮುಚ್ಚಿತು. ಮಾವ ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಡಾಕ್ಟರು ಹೊರಬಂದು, ಎಲ್ಲ ಸರಿಹೋಯಿತು ಎಂದರು. ಈಗಾದರೂ ಹೇಳುತ್ತಾನೆ ಎಂದು ನಾನು ಮಾವನ ಮುಖ ನೋಡಿದೆ. ಅವನ ಬಾಯಿಂದ ಒಂದು ಧನ್ಯವಾದವೂ ಹೊರಡಲಿಲ್ಲ! ಡಾಕ್ಟರ ಬೆನ್ನ ಹಿಂದಿನ ಆ ಬಾಗಿಲನ್ನೇ ನೋಡುತ್ತಿದ್ದ.

ಮಾರನೆಯ ದಿನ ಒಳಗೆ ಬಿಟ್ಟರು. ನಾನು ಪರದೆಯ ಹತ್ತಿರ ನಿಂತೆ. ಅತ್ತೆಯ ಮೂಗಿಗೆ ನಳಿಕೆ, ಕೈಗೆ ಸೂಜಿ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. ಮಾವ ಬಗ್ಗಿದ.

"ಬಂದ್ಯ?" ಎಂದ. ಆಮೇಲೆ, "ಆಸ್ರಿಗೆ ಬೇಕಾ?" ಎಂದ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಕೇಳುವುದು ಇದನ್ನು. ಬಂದಿರಾ, ಕುಡಿಯಲು ಏನು ಕೊಡಲಿ ಎಂದು. ಮಾವ ಜನ್ಮದಲ್ಲಿ ಈ ಮಾತನ್ನು ಯಾರಿಗೂ ಕೇಳಿದವನಲ್ಲ. ಕೇಳುತ್ತಿದ್ದವಳು, ಕೊಡುತ್ತಿದ್ದವಳು ಯಾವಾಗಲೂ ಅತ್ತೆ.

ಅತ್ತೆ ಹೂಂ ಎಂದಳು. ನರ್ಸಮ್ಮ ಒಂದು ಚಮಚ ನೀರು ಕೊಡಬಹುದೆಂದರು. ತನ್ನ ಮನೆಯಲ್ಲಿ ಲೋಟ ಎಲ್ಲಿರುತ್ತದೆಂದೂ ಗೊತ್ತಿಲ್ಲದ ನನ್ನ ಮಾವ ಆ ಚಮಚವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ಅವಳ ತುಟಿಯವರೆಗೆ ಒಯ್ದ.