ಆಲ್ಫಾ–ಓಮೆಗಾ ಜೀಪ್ನಿ

ಹೊಸ ಬಣ್ಣ ಕಂಡ ತನ್ನ ಜೀಪ್ನಿ ಎಂಬ ಪುಟ್ಟ ಬಸ್ಸಿನ ಹಣೆಗೆ ದೇವರದೊಂದು ಹೆಸರು ಬರೆಯಲು ಡೆನ್ಸಿಯೊ ಪೇಂಟರಿಗೆ ಹೇಳಿದ್ದ. ಅವನು ಮೊಳದುದ್ದದ ಅಕ್ಷರಗಳಲ್ಲಿ 'ಆಲ್ಫಾ–ಓಮೆಗಾ' ಎಂದು ಬರೆದುಬಿಟ್ಟ. ಬೆಳಗ್ಗೆ ಇಲೊಯ್ಲೊ ಪಟ್ಟಣದ ಮೀನು ಮಾರುಕಟ್ಟೆಯ ಎದುರು ಗಾಡಿ ನಿಂತದ್ದೇ ತಡ, ಬುಟ್ಟಿ ಹೊತ್ತ ಹೆಂಗಸು ಕೇಳಿದಳು:

"ಅಣ್ಣಾ, ಓಮೆಗಾಕ್ಕೆ ಹೋಗೋವಾಗ ಮೊಲೊದಲ್ಲಿ ನಿಲ್ಲಿಸ್ತೀಯಾ?"

"ಅದು ಊರಲ್ಲ ಅಕ್ಕಾ, ದೇವರ ಹೆಸರು."

"ಹಂಗಂದ್ರೇನು?"

ಅರ್ಥ ಅವಳ ಬುಟ್ಟಿಯ ಮೀನಿಗೆಷ್ಟು ಗೊತ್ತೋ ಡೆನ್ಸಿಯೊಗೂ ಅಷ್ಟೇ ಗೊತ್ತಿತ್ತು. ಮೂರು ಗಂಟೆಗೆ ಚರ್ಚಿನ ಫಾದರ್ ಸ್ಟ್ಯಾಂಡಿಗೆ ಬಂದು ಗಾಡಿಗೆ ತೀರ್ಥ ಚಿಮುಕಿಸುವವರಿದ್ದರು. ಬರೆಸಿದ್ದರ ಅರ್ಥ ಹೇಳದಿದ್ದರೆ ಅವರು ಹನಿ ನೀರೂ ಹಾಕುವುದಿಲ್ಲ. 'ಇಮ್ಮಾನುವೇಲ್' ಎಂಬ ದೇವರ ಹೆಸರು ಬರೆಸಿ, ಅದು ನನ್ನ ಭಾವಮೈದ ಎಂದ ಚಾಲಕನನ್ನು ಹೋದ ವಾರವಷ್ಟೇ ವಾಪಸು ಕಳಿಸಿದ್ದರು!

ಡೆನ್ಸಿಯೊ ಎಲ್ಲರನ್ನೂ ಹತ್ತಿಸಿಕೊಂಡು ಹೊರಟು, ಪ್ರಯಾಣಿಕರನ್ನೇ ಕೇಳಿದ.

"ಓಮೆಗಾ ಅಂದ್ರೆ ಮೀನೆಣ್ಣೆ ಮಾತ್ರೆ ಕಣಯ್ಯ. ನಮ್ಮತ್ತೆ ದಿನಾ ನುಂಗ್ತಾಳೆ," ಎಂದ ಒಬ್ಬ ಕ್ಷೌರಿಕ.

"ಥೂ! ಆಲ್ಫಾ ಗಂಡ, ಓಮೆಗಾ ಹೆಂಡ್ತಿ. ಇಬ್ಬರೂ ಸಂತರು," ಎಂದಳು ಮೀನಿನವಳು.

ಜಗಳ ಹತ್ತಿಕೊಂಡಿತು. ಹಿಂದಕ್ಕೆ ತಿರುಗಿ ತಿರುಗಿ ಕೇಳುತ್ತಿದ್ದ ಡೆನ್ಸಿಯೊಗೆ ಮೊಲೊ ದಾಟಿದ್ದೇ ತಿಳಿಯಲಿಲ್ಲ.

"ನಿಲ್ಲಿಸೋ!" ಮೂಲೆಯಲ್ಲಿದ್ದ, ಶಾಲೆಯಿಂದ ನಿವೃತ್ತರಾದ ಮೇಡಂ ಮೆಲಿಂಗ್ ಕೊಡೆಯಿಂದ ಚಾವಣಿ ಕುಟ್ಟಿದರು. "ನನ್ನ ಸ್ಟಾಪು ಹೋಗಿ ಯಾವ ಕಾಲವಾಯ್ತು! ಆಲ್ಫಾ ಗ್ರೀಕರ ಮೊದಲನೇ ಅಕ್ಷರ, ಓಮೆಗಾ ಕಡೇದು. ಮೊದಲೂ ನಾನೇ, ಕೊನೇನೂ ನಾನೇ ಅಂತ ದೇವರು ಹೇಳಿದ್ದು. ಏನೂ ಇಲ್ಲದಾಗ ಅವನಿದ್ದ, ಎಲ್ಲಾ ಮುಗಿದ ಮೇಲೂ ಇರ್ತಾನೆ. ತಿಳೀತಾ?"

ಡೆನ್ಸಿಯೊನ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಮಾತನ್ನು ಹೊತ್ತು ತಿರುಗುತ್ತಿದ್ದೇನೆಯೇ! ಮೇಡಂ ಅವರನ್ನು ಮನೆ ಬಾಗಿಲಿಗೇ ಬಿಟ್ಟು ಬಂದ. ಆಮೇಲೆ ಹತ್ತಿದವರಿಗೆಲ್ಲ, ಇಳಿದವರಿಗೂ, ಹಾರನ್ ಹೊಡೆದು ಹೊಡೆದು ಅರ್ಥ ಹೇಳಿದ.

ಮೂರಕ್ಕೆ ಫಾದರ್ ಕೇಳುವ ಮೊದಲೇ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ: "ಮೊದಲನೆಯವನು, ಕಡೆಯವನು, ಫಾದರ್!"

ಫಾದರ್ ಹಿಗ್ಗಿ, ಗಾಡಿಯ ಜತೆಗೆ ಅವನನ್ನೂ ತೋಯಿಸಿದರು. ಚಾಲಕರು ಚಪ್ಪಾಳೆ ಹೊಡೆದರು. ಗಾಡಿಗಳ ಸರದಿ ಗೊತ್ತುಮಾಡುವ ಬಾಲ್ದೊ ಮಾತ್ರ ಓಡಿಬಂದು ಅವನನ್ನು ತಬ್ಬಿಕೊಂಡ.

"ಬದುಕಿಸಿದೆ ಕಣೋ! ಬೆಳಗಿನ ಜಾವ ನಾಲ್ಕರ ಮೊದಲ ಟ್ರಿಪ್ಪು, ರಾತ್ರಿ ಹತ್ತರ ಕಡೇ ಟ್ರಿಪ್ಪು, ಎರಡನ್ನೂ ಯಾರೂ ಒಪ್ತಿರಲಿಲ್ಲ. ನಾಳೆಯಿಂದ ಎರಡೂ ನಿಂದೇ!"

"ಮತ್ತೆ ನಾನು ಮಲಗೋದು ಯಾವಾಗ?" ಡೆನ್ಸಿಯೊ ತೊದಲಿದ.

ಬಾಲ್ದೊ ಜೀಪ್ನಿಯ ಮುಂಭಾಗವನ್ನು ಮೇಲಿಂದ ಕೆಳಗೆ ಓದಿ, ತಲೆ ಅಲ್ಲಾಡಿಸಿದ.

"ಅದು ನಿನ್ನ ಹಣೇಲಿ ಬರೆದಿಲ್ಲವಲ್ಲಪ್ಪಾ."