ಲೋನ್ ಸಾಹೇಬರಿಗೆ ಪಗಾರ ಕೊಡುವವರು ಯಾರು?

ನನ್ನ ತವರಿನಲ್ಲಿ ನಡುವೆ ನಿಂತು ವ್ಯಾಪಾರ ಕುದುರಿಸುವ ಇಂಥವರಿಗೆ ಒಂದು ಹೆಸರಿತ್ತು. ತರ... ತರಗು... ತರಗಿನವರು ಅಂತಲೇ? ಐವತ್ತು ವರ್ಷ ಆಡದ ಮಾತು, ನಾಲಿಗೆಗೆ ಸಿಗುತ್ತಿಲ್ಲ. ಚಾಮರಾಜನಗರಕ್ಕೆ ಎತ್ತು ನೋಡಲು ಬಂದಿದ್ದ ನನ್ನ ಯಜಮಾನರು ಎತ್ತು ಬಿಟ್ಟು ನನ್ನನ್ನು ಮದುವೆಯಾಗಿ ನಿಪ್ಪಾಣಿ ಕಡೆಯ ಈ ಬೋರಗಾಂವಕ್ಕೆ ಕರೆತಂದರು. ಇಲ್ಲಿ ದಲ್ಲಾಳಿ ಎನ್ನುತ್ತಾರೆ. ದನದ ಸಂತೆಯಲ್ಲಿ ನನ್ನ ಯಜಮಾನರೂ ದಲ್ಲಾಳಿಯೇ. ಹಾಗಾಗಿ ನನಗೆ ದಲ್ಲಾಳಿಗಳ ಭಯವಿಲ್ಲ. ಆದರೂ ಹುಡುಕಿಕೊಂಡು ಬರುತ್ತಲೇ ಇರುತ್ತಾರೆ.

ಈ ಸಲ ಮಗ ನಿಪ್ಪಾಣಿಯಲ್ಲಿ ಹೊಸ ಮನೆ ನೋಡಿದ. ಸಾಲಕ್ಕೆ ನಾವಿರುವ ಮನೆಯನ್ನೂ ಅಡ ಇಡಬೇಕಂತೆ. ಅದು ನನ್ನ ಹೆಸರಿನಲ್ಲಿದೆ. ನನ್ನ ಸಹಿ ಬೇಕು.

೧. ಸೇವೆ

ಮನೆ ಮಾರಿಸುವ ಏಜೆಂಟನ ಆಫೀಸಿನಲ್ಲಿ ಎರಡು ಟೇಬಲ್. ಒಂದು ಅವನದು, ಇನ್ನೊಂದು ಸಾಲದ ಸಲಹೆ ಕೊಡುವವನದು.

"ಬ್ಯಾಂಕಿಗೆ ಯಾಕ ಅಡ್ಡಾಡ್ತೀರಿ ಆಯಿ? ನಮ್ಮ ಲೋನ್ ಸಾಹೇಬ್ರು ಇಲ್ಲೇ ಅದಾರ," ಎಂದ ಏಜೆಂಟ್.

"ಇವರಿಗೆ ಪಗಾರ ಯಾರ ಕೊಡ್ತಾರಪಾ?"

"ಯಾರೂ ಇಲ್ರಿ. ಮಂದಿಗೆ ಚಲೋ ಆಗ್ಲಿ ಅಂತ ಸೇವಾ ಮಾಡ್ತಾರ."

ಅಷ್ಟರಲ್ಲಿ ಲೋನ್ ಸಾಹೇಬರು ಎದ್ದು ಬಂದು ಏಜೆಂಟನ ಮುಂದೆ ಕೈಕಟ್ಟಿ ನಿಂತರು. "ಸಾಹೇಬ್ರ, ಶನಿವಾರ ರಜಾ ಬೇಕಿತ್ರಿ. ಮಾವನ ಮಗಳ ಮದುವಿ ಐತಿ."

೨. ಗಾರ್ಡನ್

ಮನೆ ನೋಡಲು ಹೋದೆವು. ನಕಾಶೆಯಲ್ಲಿ ಗಾರ್ಡನ್ ಇದ್ದ ಕಡೆ ಆಳೆತ್ತರ ಕಬ್ಬು. ಒಬ್ಬ ನೀರು ಹಾಯಿಸುತ್ತಿದ್ದ.

"ಇದೇನ್ರಿ?"

"ಕಟಾವು ಆದ ಮ್ಯಾಲ ಗಾರ್ಡನ್ ಆಗ್ತೈತ್ರಿ," ಎಂದರು ಲೋನ್ ಸಾಹೇಬರು.

ಮಗ ಬೇಡವೆಂದರೂ ಬಸ್ಸು ಹತ್ತಿ ಚಿಕ್ಕೋಡಿಯ ಒಂದು ಬ್ಯಾಂಕಿಗೆ ಹೋಗಿ ಕೇಳಿದೆ. ಹೊಲವನ್ನು ಮನೆ ಕಟ್ಟುವ ಜಾಗ ಮಾಡಿದ ಎನ್.ಎ. ಕಾಗದ ತನ್ನಿ ಎಂದರು. ಮರಳಿ ಬಂದು ಅದನ್ನು ಕೇಳಿದರೆ ಏಜೆಂಟ್ ಲೋನ್ ಸಾಹೇಬರ ಕಡೆ ಕೈ ತೋರಿಸಿದ, ಲೋನ್ ಸಾಹೇಬರು ಏಜೆಂಟನ ಕಡೆ. ಕಬ್ಬಿಗೆ ನೀರು ಹಾಯಿಸುವವನನ್ನೇ ಕೇಳಬೇಕಿತ್ತು. ಅವನಿಗಾದರೂ ಅದು ಹೊಲ ಅಂತ ಗೊತ್ತಿತ್ತು.

೩. ಟವೆಲ್

ಶನಿವಾರ ಸಹಿಗೆ ಕರೆದರು. ಲೋನ್ ಸಾಹೇಬರಿಗೆ ರಜೆ ಸಿಕ್ಕಿರಲಿಲ್ಲ. ಜೊತೆಗೆ ಮೊಮ್ಮಗಳೂ ಬಂದಳು. ಕಾಗದ ನನ್ನ ಮುಂದಿಟ್ಟು ಏಜೆಂಟನೂ ಲೋನ್ ಸಾಹೇಬರೂ ಖುಷಿಯಿಂದ ಒಬ್ಬರ ಕೈ ಒಬ್ಬರು ಕುಲುಕಿದರು. ನಾನು ಮಗನ ಹೆಗಲ ಟವೆಲ್ ಎಳೆದು ಆ ಕೈಗಳ ಮೇಲೆ ಹಾಕಿದೆ.

"ಅವ್ವಾ, ಏನ ಮಾಡಾಕತ್ತಿ?" ಎಂದ ಮಗ.

"ದನದ ಸಂತ್ಯಾಗ ಟವೆಲ್ ಕೆಳಗ ಬೆರಳ ಹಿಡದು ದರ ಕುದುರಸ್ತಿದ್ರು. ಒಂದ ಕೈ ಮಾರಾವಂದು, ಒಂದ ಕೈ ತಗೊಳ್ಳಾವಂದು. ಇಲ್ಲಿ ಎರಡೂ ಕೈ ಇವರವ. ನಿನ್ನ ಕೈ ಎಲ್ಲೈತಿ?"

ಮಗ ತನ್ನ ಕೈ ನೋಡಿಕೊಂಡ. ಅದರಲ್ಲಿ ನನಗೆ ಕೊಡಲು ಹಿಡಿದಿದ್ದ ಪೆನ್ನಿತ್ತು. ಮೆಲ್ಲಗೆ ಕಿಸೆಗೆ ಹಾಕಿಕೊಂಡ.

ಲೋನ್ ಸಾಹೇಬರು ಟವೆಲ್ ಸರಿಸಿದರು. "ನನ್ನ ಮ್ಯಾಲ ನಂಬಿಕಿ ಇಡ್ರಿ ಆಯಿ. ಎನ್.ಎ. ಕಾಗದ ಆಮ್ಯಾಲ ಬರ್ತೈತಿ. ಬರಲಿಲ್ಲಂದ್ರ ನಿಮ್ಮ ಮನಿಗೆ ನಾನ ಹೊಣಿ."

"ಹಂಗಾರ ಚಲೋ ಆತು. ಪುಟ್ಟಿ, ಸಾಹೇಬ್ರು ಹೇಳಿದ್ದ ಬರಕೋ. ಕೆಳಗ ಅವರ ಸಹಿಗೆ ಜಾಗಾ ಬಿಡು."

ಮೊಮ್ಮಗಳು ವಹಿ ತೆಗೆದಳು. ಲೋನ್ ಸಾಹೇಬರು ಗಡಿಯಾರ ನೋಡಿ ಏಜೆಂಟನ ಕಡೆ ತಿರುಗಿದರು. "ಸಾಹೇಬ್ರ, ನಾ ಮದುವಿಗೆ ಹೋಗ್ತೀನ್ರಿ. ಆ ರಜಾ ಈಗರ ಕೊಡ್ರಿ."

"ಪುಟ್ಟಿ," ಎಂದೆ, "ರಜಾ ಯಾರನ್ನ ಕೇಳಿದ್ರು ಅನ್ನೂದನ್ನೂ ಬರಕೋ."