ಮೇಷ್ಟ್ರು ಬಿಗಿ ಮಾಡಿದ ಮಂಚ

ಮೇಷ್ಟ್ರು ಈಗೀಗ ಎದುರುಮನೆಯ ಮುಂದೆ ಹಾದುಹೋಗುವಾಗ ಛತ್ರಿ ಬಿಚ್ಚುತ್ತಾರೆ. ಮಳೆ ಇಲ್ಲ, ಬಿಸಿಲೂ ಅಷ್ಟಕ್ಕಷ್ಟೇ. ಮುಖ ಮರೆಯಾದರೆ ಸಾಕಾಗಿದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಸನ್ನೆ, ರಾಟೆ, ತಿರುಪು ಎಂದು ಬೋರ್ಡಿನ ತುಂಬ ಚಿತ್ರ ಬರೆದ ಮನುಷ್ಯನಿಗೆ ಈ ಗತಿ ತಂದದ್ದು ಒಂದು ಗೇಣುದ್ದದ ಕಬ್ಬಿಣ. ಅದರ ಹೆಸರು ರ್ಯಾಚೆಟ್. (ಗೊತ್ತಿಲ್ಲದವರಿಗೆ: ಮಾಮೂಲಿ ಪಾನವನ್ನು, ಅಂದರೆ ಸ್ಪ್ಯಾನರನ್ನು, ಸ್ವಲ್ಪ ತಿರುಗಿಸಿದೊಡನೆ ತೆಗೆದು ಮತ್ತೆ ಹಾಕಬೇಕು. ಇದಕ್ಕೆ ಆ ರಗಳೆ ಇಲ್ಲ. ಬೋಲ್ಟಿನ ಮೇಲೆ ಕೂರಿಸಿ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಆಯಿತು. ಒಂದು ಕಡೆಗೆ ಹೋಗುವಾಗ ಬೋಲ್ಟು ತಿರುಗುತ್ತದೆ. ಇನ್ನೊಂದು ಕಡೆಗೆ ಬರುವಾಗ ಹಿಡಿ ಮಾತ್ರ ಕಿರ್ರ್ ಎಂದು ಸುಮ್ಮನೆ ಬರುತ್ತದೆ. ಈ 'ಸುಮ್ಮನೆ'ಯನ್ನು ದಯವಿಟ್ಟು ನೆನಪಿಡಿ. ಮೇಷ್ಟ್ರು ಇಡಲಿಲ್ಲ.)

ಎಲ್ಲ ಶುರುವಾದದ್ದು ಮಾವ ಬರುತ್ತಾರೆ ಎಂಬ ಸುದ್ದಿಯಿಂದ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಕೈ ಜಾಸ್ತಿ. ಹೋದ ಸಲ ಬಂದಾಗ, ಮೇಷ್ಟ್ರು ಎರಡು ತಿಂಗಳಿಂದ ಹಗ್ಗ ಬಿಗಿದು ನಿಲ್ಲಿಸಿದ್ದ ನಲ್ಲಿಯನ್ನು ಕಾಫಿ ಆರುವುದರೊಳಗೆ ಸರಿಮಾಡಿಬಿಟ್ಟಿದ್ದರು. ಮೇಷ್ಟ್ರ ಹೆಂಡತಿ ಈ ಸಾಹಸವನ್ನು ಬೀದಿಯಲ್ಲಿ ಒಬ್ಬರನ್ನೂ ಬಿಡದೆ ವರದಿ ಮಾಡಿದ್ದಳು.

"ರೀ, ಅಪ್ಪ ಶನಿವಾರ ಬರ್ತಾರೆ. ಒಳಕೋಣೆ ಮಂಚ ಮಗ್ಗುಲು ಬದಲಿಸಿದ್ರೆ ಕುಯ್ಯೋ ಅನ್ನುತ್ತೆ. ಇರ್ಲಿ ಬಿಡಿ, ಅಪ್ಪನೇ ಬಂದು ಬಿಗಿ ಮಾಡ್ಕೋತಾರೆ."

"ಮಾಡ್ಕೋತಾರಾ? ಮಲಗೋಕೆ ಬರೋರು ಮಂಚ ರಿಪೇರಿ ಮಾಡ್ಕೊಂಡು ಮಲಗ್ಬೇಕಾ? ಮನೇಲಿ ನಾನೊಬ್ಬ ಇಲ್ವೇನೇ?"

"ಇದ್ದೀರಲ್ಲ. ಇದ್ದಿದ್ದಕ್ಕೇ ನಲ್ಲಿಗೆ ಹಗ್ಗ ಬಂದಿದ್ದು."

ಆ ಮಾತು ನಾಟಿತು. ಈ ಸಲ ಮಾವನ ಕೈಗೆ ಮನೆಯಲ್ಲಿ ಒಂದು ಸಡಿಲ ಬೋಲ್ಟೂ ಸಿಗಕೂಡದು ಎಂದು ಮೇಷ್ಟ್ರು ಭೀಷಣ ಪ್ರತಿಜ್ಞೆ ಮಾಡಿ ಹಾರ್ಡ್‌ವೇರ್ ಅಂಗಡಿಗೆ ನಡೆದರು.

ಆಯ್ಕೆಯಲ್ಲಿ ಮಾತ್ರ ಅವರನ್ನು ತೆಗಳುವಂತಿಲ್ಲ. ಅಗ್ಗದ್ದನ್ನು ಕೈಗೆತ್ತಿಕೊಂಡು, ತಲೆ ಲೊಡಲೊಡ ಎನ್ನುತ್ತದೆ ಎಂದು ಕೆಳಗಿಟ್ಟರು. ದುಬಾರಿಯದನ್ನು ಬೆಲೆ ಕೇಳಿಯೇ ಕೆಳಗಿಟ್ಟರು. ಮಧ್ಯದ್ದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಕಿರ್ ಕಿರ್ ಎಂದು ತಿರುಗಿಸುತ್ತ ಒಳಗಿನ ಚಕ್ರದ ಹಲ್ಲು ಎಣಿಸತೊಡಗಿದರು. ಒಂದು ಸಲ ಎಪ್ಪತ್ತೊಂದು ಬಂತು, ಇನ್ನೊಂದು ಸಲ ಎಪ್ಪತ್ತಮೂರು.

"ಎಪ್ಪತ್ತೆರಡು ಸಾರ್, ಡಬ್ಬದ ಮೇಲೇ ಬರ್ದಿದೆ," ಎಂದ ಅಂಗಡಿಯವನು ಆಕಳಿಸುತ್ತ. "ಹಲ್ಲು ಜಾಸ್ತಿ ಇದ್ರೆ ಇಕ್ಕಟ್ಟಲ್ಲೂ ಸಲೀಸಾಗಿ ಆಡುತ್ತೆ. ಧೂಳು ಬಿಡ್ಬೇಡಿ, ಆಗಾಗ ಒಂದು ಹನಿ ಮಿಷನ್ ಎಣ್ಣೆ ಹಾಕಿ. ಆಮೇಲೆ ಇಲ್ಲಿ ತಲೆ ಹಿಂದೆ ಒಂದು ಕಿವಿ ಇದೆಯಲ್ಲ ಸಾರ್, ಇದನ್ನ..."

"ನನಗೆ ಹೇಳ್ತೀಯೇನಯ್ಯ? ನಾನು ಸನ್ನೆ ಪಾಠ ಮಾಡೋನು!"

ಅಂಗಡಿಯವನು ಬಾಯಿ ಮುಚ್ಚಿಕೊಂಡು ಪೊಟ್ಟಣ ಕಟ್ಟಿದ.

ಮನೆಗೆ ಬಂದ ಮೇಷ್ಟ್ರು ಆರೈಕೆಗೆ ಕೂತರು. ಹೆಂಡತಿಯ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ ಬಿಟ್ಟು, ಹಳೆಯ ಬನಿಯನ್ನಿನಿಂದ ಒರೆಸಿದರು. ತಲೆಯ ಹಿಂದಿನ ಆ ಪುಟ್ಟ ಕಿವಿಯ ಸಂದಿಯಲ್ಲಿ ಧೂಳು ಹೊಕ್ಕೀತು ಎಂದು ಕರೆಂಟಿನ ಕಪ್ಪು ಟೇಪನ್ನು ಅದರ ಸುತ್ತ ಬಿಗಿಯಾಗಿ ಸುತ್ತಿದರು. ಒಂದಲ್ಲ, ಒಂಬತ್ತು ಸುತ್ತು.

ಶನಿವಾರ ಮಾವ ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಅವರನ್ನು ನಡುಮನೆಯಲ್ಲಿ ಕೂರಿಸಿ, ಮೇಷ್ಟ್ರು ಒಳಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಎಂಟು ಬೋಲ್ಟು, ಒಂದೊಂದಕ್ಕೂ ಇಪ್ಪತ್ತು ಎಳೆತ. ಬಲಕ್ಕೆ ಹೋಗುವಾಗ ಹಿಡಿ ಹೂವಿನಂತೆ ಹಗುರ, ಕಿರ್ರ್ ಎನ್ನುವ ಇಂಪು. ಎಡಕ್ಕೆ ಬರುವಾಗ ಮಾತ್ರ ಭಾರ, ನಡುನಡುವೆ ಟಕ್ ಎಂಬ ಸದ್ದು.

"ಅಳಿಯಂದ್ರೇ, ಆ ಟಕ್ ಅಂತಿರೋದೇನು?" ಹೊರಗಿನಿಂದ ಮಾವ ಕೇಳಿದರು.

"ಬಿಗಿ ಆಗ್ತಿರೋ ಗುರುತು ಮಾವ!"

ಮಾವ ಎದ್ದು ಬಾಗಿಲ ಬಳಿ ಬಂದರು. "ಬೆವರಿರ್ತೀರಿ. ಮೊದ್ಲು ಹೋಗಿ ಸ್ನಾನ ಮಾಡ್ಕೊಂಡು ಬನ್ನಿ," ಎಂದರು.

ಮೇಷ್ಟ್ರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವ ಮಂಚದ ಮೇಲೆ ಮಲಗಿದ್ದರು. ಬೇಕೆಂದೇ ಎಡಕ್ಕೂ ಬಲಕ್ಕೂ ಹೊರಳಿದರು. ಕುಯ್ಯೋ ಇಲ್ಲ, ಮರ್ರೋ ಇಲ್ಲ. "ಏನು ಗಟ್ಟಿ ಕೂತಿದೆ!" ಎಂದರು. ಮೇಷ್ಟ್ರ ಎದೆ ಒಂದು ಗೇಣು ಉಬ್ಬಿತು. ಹೆಂಡತಿ ಮಾತ್ರ ಅತ್ತ ತಿರುಗಿ ದಿಂಬಿನ ಕವಚವನ್ನು ವಿನಾಕಾರಣ ಕೊಡವುತ್ತಿದ್ದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಛತ್ರಿಯ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಹೊಗಳಿಕೆ ಹೊಟ್ಟೆ ಸೇರಿದ ಮೇಲೆ ಮನುಷ್ಯ ಮನೆಯಲ್ಲಿ ನಿಲ್ಲುತ್ತಾನೆಯೇ? ಸಂಜೆ ಎದುರುಮನೆಯ ಟೈಪಿಸ್ಟಮ್ಮನ ಗೇಟಿನ ಬಳಿಯ ಕಬ್ಬಿಣದ ಬೆಂಚಿನಲ್ಲಿ ಎಂದಿನಂತೆ ನಾಲ್ಕು ಜನ ಹರಟುತ್ತಿದ್ದರು. ಬೆಂಚು ಚೂರು ಅಲುಗುತ್ತಿತ್ತು. ಮೇಷ್ಟ್ರು ಎಲ್ಲರನ್ನೂ ಎಬ್ಬಿಸಿದರು, ಹಿಡಿ ಉದ್ದವಾದಷ್ಟೂ ಬಲ ಹೇಗೆ ಹೆಚ್ಚುತ್ತದೆ ಎಂದು ಉಪನ್ಯಾಸ ಕೊಟ್ಟರು, ನಾಲ್ಕು ಕಾಲಿಗೂ ರ್ಯಾಚೆಟ್ ಆಡಿಸಿದರು.

"ಅಳಿಯಂದ್ರೇ, ಒಂದ್ನಿಮಿಷ..." ಎನ್ನುತ್ತ ಮಾವ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಬಂದರು.

"ಅಲ್ಲೇ ಇರಿ ಮಾವ, ಮುಗೀತು!"

"ನೀವೇ ಮೊದ್ಲು ಕೂತ್ಕೊಳ್ಳಿ ಮೇಷ್ಟ್ರೇ, ನಿಮ್ಮ ಕೈಗುಣ," ಎಂದರು ಟೈಪಿಸ್ಟಮ್ಮ.

ಮೇಷ್ಟ್ರು ಪಂಚೆ ಸರಿಮಾಡಿಕೊಂಡು ಕೂತರು. ಬೆಂಚು ಮುರಿಯಲಿಲ್ಲ, ಸದ್ದೂ ಮಾಡಲಿಲ್ಲ. ನಾಲ್ಕು ಕಾಲುಗಳೂ ನಾಲ್ಕು ದಿಕ್ಕಿಗೆ ಮೆಲ್ಲಗೆ ಚಾಚಿಕೊಂಡವು, ಮೇಷ್ಟ್ರು ಕೂತ ಭಂಗಿಯಲ್ಲೇ ನೆಲ ಸೇರಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಟೈಪಿಸ್ಟಮ್ಮ, "ಪೆಟ್ಟಾಯ್ತಾ?" ಎಂದು ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಮೇಷ್ಟ್ರಿಗೆ.

ಮಾವ ಜೇಬಿನಿಂದ ಬಟ್ಟೆ ಸುತ್ತಿದ ತಮ್ಮ ಹಳೆಯ ರ್ಯಾಚೆಟ್ ತೆಗೆದು, ಕೂತು, ಐದು ನಿಮಿಷದಲ್ಲಿ ಬೆಂಚನ್ನು ನಿಲ್ಲಿಸಿದರು. ಮೇಷ್ಟ್ರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಬೋಲ್ಟುಗಳನ್ನು ಒಂದೊಂದಾಗಿ ಎತ್ತಿಕೊಟ್ಟರು.

ಮನೆಗೆ ಬಂದ ಮೇಲೆ ಮಾವ ಹೊಸ ರ್ಯಾಚೆಟ್ಟನ್ನು ತಿರುಗಿಸಿ ನೋಡಿದರು. "ಸಾಮಾನು ಒಳ್ಳೇದು. ಚೆನ್ನಾಗೇ ಆರಿಸಿದ್ದೀರಿ. ಎಣ್ಣೇನೂ ಹದವಾಗಿದೆ. ಈ ಟೇಪ್ ಒಳಗಿರೋ ಕಿವೀನ ಒಂದು ಕಡೆ ತಿರುಗಿಸಿದ್ರೆ ಬಿಗಿ ಆಗುತ್ತೆ, ಇನ್ನೊಂದು ಕಡೆಗಾದ್ರೆ ಬಿಚ್ಚುತ್ತೆ. ಇದು ಬಿಚ್ಚೋ ಕಡೆಗಿತ್ತು, ಅಷ್ಟೇ."

ಮೇಷ್ಟ್ರಿಗೆ ಎಡಕ್ಕೆ ಬರುವಾಗಿನ ಭಾರವೂ ಆ ಟಕ್ಕೂ ಒಟ್ಟಿಗೆ ನೆನಪಾದವು. "ಮಾವ... ಹಾಗಾದ್ರೆ ಮಂಚ?"

"ಮಂಚಕ್ಕೇನು? ಒಂದೇ ಒಂದು ಬೋಲ್ಟು ಸ್ವಲ್ಪ ಸಡಿಲ ಇತ್ತು, ನೋಡ್ದೆ. ಉಳಿದ ಏಳೂ ನಿಮ್ಮದೇ ಕೈ ಕೆಲಸ."

"ಎಂಟೂ ಅಪ್ಪಂದೇ!" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಬೆಂಚಿಗೂ ಹೋಗ್ತೀರಿ ಅಂತ ನಂಗೇನು ಗೊತ್ತಿತ್ತು?"

ಮಾವ ಅಡುಗೆಮನೆಯ ಕಡೆ ಕಣ್ಣು ಬಿಟ್ಟರು. ಆಮೇಲೆ ತಪ್ಪು ತಾವೇ ಮಾಡಿದವರಂತೆ ನೆಲ ನೋಡಿದರು. ಬೆಂಚಿನಿಂದ ಬಿದ್ದಾಗ ಆಗದ ನಾಚಿಕೆ ಮೇಷ್ಟ್ರಿಗೆ ಆಗ ಆಯಿತು. ಅರುವತ್ತೆಂಟರ ಮುದುಕರು, ಪ್ರಯಾಣದ ದಣಿವಿನಲ್ಲಿ, ಅಳಿಯನ ಮಾನ ಉಳಿಸಲು ಮಂಚದಡಿ ತೂರಿಕೊಂಡು, ಅವನು ಮೈಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ಎಂಟು ಬೋಲ್ಟು ತಿರುಗಿಸಿದ್ದರು.

"ತಪ್ಪಾಯ್ತು ಮಾವ," ಎಂದರು ಮೇಷ್ಟ್ರು. ಬೇರೇನೂ ಹೊಳೆಯದೆ ರ್ಯಾಚೆಟ್ಟನ್ನು ಇಸಿದುಕೊಂಡು ಟೇಪು ಬಿಡಿಸಲು ಕೂತರು. ಉಗುರಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿದರು, ಅದಕ್ಕೂ ಬರಲಿಲ್ಲ. ಕೊನೆಗೆ ಮಾವನೇ ಕೈಗೆ ತೆಗೆದುಕೊಂಡು, ತುದಿ ಹುಡುಕಿ, ಎರಡು ಸಲ ಜಗ್ಗಿ ನೋಡಿ, ಸೋತು ಮೇಜಿನ ಮೇಲಿಟ್ಟರು.

"ಅಳಿಯಂದ್ರೇ, ಸುಳ್ಳು ಹೇಳಲ್ಲ," ಎಂದರು, ನಿಜವಾದ ಮೆಚ್ಚುಗೆಯಿಂದ. "ಇದನ್ನ ಮಾತ್ರ ನೀವು ಚೆನ್ನಾಗಿ ಬಿಗಿ ಮಾಡಿದ್ದೀರಿ."